ಮೊಮ್ಮಗಳ ತೂಕದ ಬೆಲ್ಲ

ಹಂಪಮ್ಮ ಹರಕೆ ಹೊತ್ತದ್ದು ಮಹಬೂಬ್‌ನಗರದ ದವಾಖಾನೆಯ ಪಡಸಾಲೆಯಲ್ಲಿ. ಆಗ ತೆಲಂಗಾಣ ಇನ್ನೂ ಬೇರೆ ರಾಜ್ಯವಾಗಿರಲಿಲ್ಲ. ಮೊಮ್ಮಗಳು ಶಿವರಂಜನಿಗೆ ವರ್ಷವೂ ತುಂಬಿರಲಿಲ್ಲ. ವಾಂತಿಭೇದಿ ಹಿಡಿದು ಕೂಸು ಒಣಗಿದ ಕಟ್ಟಿಗೆಯಂತಾಗಿತ್ತು. ನರ್ಸಮ್ಮ ಅದನ್ನು ತೂಕದ ತಟ್ಟೆಯಲ್ಲಿ ಮಲಗಿಸಿದಾಗ ಮುಳ್ಳು ಅಲುಗಿತೋ ಇಲ್ಲವೋ ಎಂದು ಹಂಪಮ್ಮ ಬಗ್ಗಿ ನೋಡಿದಳು. ಆಮೇಲೆ ಹೊರಗೆ ಬಂದು ಸೆರಗೊಡ್ಡಿ ನಿಂತಳು.

"ಈರಭದ್ರಾ, ಈ ಕೂಸು ಉಳಿದು, ಬೆಳೆದು, ಸೀರಿ ಉಡೋವಷ್ಟು ದೊಡ್ಡಾಕಿ ಆದ್ರ ನಿನ್ನ ಗುಡಿಗೆ ಕರ್ಕೊಂಡು ಬರ್ತೀನಿ. ಈಕಿ ಎಷ್ಟು ತೂಗ್ತಾಳೋ ಅಷ್ಟು ಬೆಲ್ಲ ತೂಗಿ ಮಂದಿಗೆ ಹಂಚ್ತೀನಿ."

ಕೂಸು ಉಳಿಯಿತು, ಬೆಳೆಯಿತು. ಹರಕೆ ಮಾತ್ರ ಮುಂದೆ ಮುಂದೆ ಹೋಯಿತು. ಒಂದು ವರ್ಷ ಮನೆಯ ಮೇಲ್ಛಾವಣಿ ಹಾಕಿಸುವ ಗಡಿಬಿಡಿ, ಒಂದು ವರ್ಷ ಹಂಪಮ್ಮನಿಗೆ ಕಣ್ಣಿನ ಆಪರೇಷನ್, ಆಮೇಲೆ ಕೊರೊನಾ. ನಾರಾಯಣಪೇಟೆ ಜಿಲ್ಲೆಯಾಯಿತು, ರಂಜನಿ ಅಲ್ಲಿನ ಹೆಣ್ಣುಮಕ್ಕಳ ಡಿಗ್ರಿ ಕಾಲೇಜು ಸೇರಿ ಎರಡನೇ ವರ್ಷಕ್ಕೂ ಬಂದಳು. ಆ ಸಲದ ಯುಗಾದಿಯ ಊಟಕ್ಕೆ ಎಲ್ಲರೂ ಕೂತಿದ್ದಾಗ ಹಂಪಮ್ಮ ಮಾತೆತ್ತಿದಳು.

"ಈ ಶ್ರಾವಣ ತಪ್ಪಿಸಂಗಿಲ್ಲ. ನನ್ನ ಕಾಲು ನಡಿಯೋದ್ರಾಗ ಹರಕಿ ತೀರ್ಬೇಕು."

ಊಟಕ್ಕೆ ಗದ್ವಾಲಿನಿಂದ ಕೊಟ್ರೇಶ ಬಂದಿದ್ದ. ರಂಜನಿಯ ತಾಯಿ ಗುರಮ್ಮನ ತಮ್ಮ ಅವನು. ಅಕ್ಕನ ಮಕ್ಕಳನ್ನು ಕಾಡಿಸದೆ ಅವನಿಗೆ ಹೋಳಿಗೆ ಇಳಿಯುತ್ತಿರಲಿಲ್ಲ.

"ಅತ್ತೀ, ಬೆಲ್ಲ ಎಲ್ಲಿಂದ ತರ್ತೀರಿ? ನಾರಾಯಣಪೇಟಿ ಬಜಾರ ಪೂರ್ತಿ ಖಾಲಿ ಮಾಡಿದ್ರೂ ಸಾಲಂಗಿಲ್ಲ. ನಾ ಗದ್ವಾಲಿನಿಂದ ಡಿಸಿಎಂ ಲಾರಿ ಬಾಡಗಿ ಹಿಡ್ಕೊಂಡು ಬರ್ತೀನಿ."

ಎಲ್ಲರೂ ನಕ್ಕರು. ರಂಜನಿಯೂ ನಕ್ಕಳು. ನಗುತ್ತಲೇ ತನ್ನ ಎಲೆಯಲ್ಲಿದ್ದ ಹೋಳಿಗೆಯನ್ನು ತಂಗಿ ಪದ್ಮಶ್ರೀಯ ಎಲೆಗೆ ಸರಿಸಿದಳು. ಯಾರೂ ಗಮನಿಸಲಿಲ್ಲ.

ಮರುವಾರದಿಂದ ರಂಜನಿಗೆ ಭಕ್ತಿ ಹೆಚ್ಚಾಯಿತು. ಸೋಮವಾರ ಈಶ್ವರನ ಉಪವಾಸ. ಅದಕ್ಕೆ ಗುರುವಾರ ಸೇರಿತು, ಶನಿವಾರ ಹನುಮಂತ ಸೇರಿದ, ಶುಕ್ರವಾರ ಲಕ್ಷ್ಮಿಯೂ ಬಂದಳು. ಹಂಪಮ್ಮ ಓಣಿಯೆಲ್ಲ ಹೇಳಿಕೊಂಡು ಬಂದಳು. "ನಮ್ಮ ರಂಜಿ ನೋಡ್ರಿ. ಈಗಿನ ಕಾಲೇಜು ಹುಡುಗ್ಯಾರು ಗುಡಿ ಮುಖ ನೋಡಂಗಿಲ್ಲ, ಈಕಿ ವಾರದಾಗ ಉಣ್ಣೋದೇ ಕಡಿಮಿ."

ಗುರಮ್ಮನಿಗೆ ಅಷ್ಟು ಸಮಾಧಾನವಿರಲಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು ರೊಟ್ಟಿ ಬಡಿಯುವುದು, ಬುತ್ತಿ ಕಟ್ಟುವುದು, ಆಮೇಲೆ ದಿನವಿಡೀ ಹೊಲಿಗೆ ಯಂತ್ರ ತುಳಿಯುವುದು ಅವಳ ಕೆಲಸ. ಮುಂದಿನ ಕೋಣೆಯಲ್ಲಿ ಅವಳ ಯಂತ್ರ. ಓಣಿಯ ಹೆಂಗಸರ ಕುಪ್ಪಸವೆಲ್ಲ ಅವಳ ಕೈಯಿಂದಲೇ ಆಗಬೇಕು. ಯಾರ ಬುತ್ತಿ ಎಷ್ಟು ಖಾಲಿಯಾಗಿ ಬಂತು ಎಂಬುದು ಡಬ್ಬಿ ಎತ್ತಿದ ಕೂಡಲೇ ಅವಳ ಕೈಗೆ ತಿಳಿಯುತ್ತಿತ್ತು.

"ಎಲ್ಲಾ ದೇವರೂ ಸೇರಿ ನನ್ನ ಮಗಳ ರೊಟ್ಟಿ ತಿನ್ನಾಕತ್ಯಾರ," ಎಂದಳು ಗಂಡ ಶಿವಕಾಂತನಿಗೆ.

ಶಿವಕಾಂತ ಆರ್‌ಟಿಸಿ ಕಂಡಕ್ಟರ್. ನಾರಾಯಣಪೇಟೆ, ಮಕ್ತಲ್, ಗದ್ವಾಲ್ ದಾರಿಯಲ್ಲಿ ಕೂಗಿ ಕೂಗಿ ಮನೆಗೆ ಬರುವಷ್ಟರಲ್ಲಿ ಅವನ ದನಿ ಬಿದ್ದಿರುತ್ತಿತ್ತು. "ದೇವರ ಕೆಲಸಕ್ಕ ಅಡ್ಡ ಬರಬ್ಯಾಡ. ವಯಸ್ಸಿನ ಹುಡುಗಿ, ತಾನೇ ಉಣ್ತಾಳ," ಎಂದ.

"ಯಾವಾಗ?"

"ನಾ ಏನ್ ಹೇಳ್ಲಿ? ನಂಗೊಂದು ರೊಟ್ಟಿ ಹಾಕು."

ಜ್ಯೇಷ್ಠ ಹುಟ್ಟುತ್ತಲೇ ಹಂಪಮ್ಮ ಹರಕೆಯ ಸೀರೆ ತಂದಳು. ಕಡುಗೆಂಪು ಒಡಲಿನ, ಹಳದಿ ಅಂಚಿನ ನಾರಾಯಣಪೇಟೆ ಸೀರೆ. ಕುಪ್ಪಸಕ್ಕೆ ಅಳತೆ ತೆಗೆಯಲು ಗುರಮ್ಮ ಮಗಳನ್ನು ಯಂತ್ರದ ಪಕ್ಕ ನಿಲ್ಲಿಸಿದಳು. ಟೇಪು ಹಿಡಿದ ಕೈ ತೋಳಿನ ಮೇಲೆ ನಿಂತುಬಿಟ್ಟಿತು. ಸಂಕ್ರಾಂತಿಗೆ ತಾನೇ ಹೊಲಿದ ಚೂಡಿದಾರ ಮಗಳ ಮೈಮೇಲೆ ಗೂಟಕ್ಕೆ ತೂಗುಹಾಕಿದಂತೆ ಇಳಿದಿತ್ತು.

"ರಂಜಿ, ಏನ್ ತಿಂದಿ ಇವತ್ತು?"

"ತಿಂದೀನಬೇ."

"ಏನ್ ತಿಂದಿ?"

"ಉಪವಾಸ ಐತಿ ಇವತ್ತು."

"ಇವತ್ತು ಬುಧವಾರ. ಇವತ್ತು ಯಾವ ದೇವರು?"

ಅಡುಗೆಮನೆಯಿಂದ ಪದ್ಮಶ್ರೀಯ ದನಿ ಬಂತು. ಏಳನೇ ಕ್ಲಾಸಿನ ಹುಡುಗಿ ಅವಳು, ಆಟ ಆಡಿ ಬಂದರೆ ಬುಟ್ಟಿಯ ರೊಟ್ಟಿ ಮುಗಿಸುತ್ತಿದ್ದವಳು.

"ಅವ್ವಾ, ನಂಗ ಅರ್ಧ ರೊಟ್ಟಿ ಸಾಕು. ಅಕ್ಕನಂಗ."

ಗುರಮ್ಮ ಟೇಪನ್ನು ಯಂತ್ರದ ಮೇಲೆ ಎಸೆದಳು. "ಕೇಳ್ಕೋ! ಅದೂ ಕಲೀತು! ನಾ ಯಾರಿಗಂತ ಒಲಿ ಮುಂದ ಕುಂತು ಬೇಯಬೇಕು? ನಾಳಿಂದ ಹಿಟ್ಟು ನಾದಂಗಿಲ್ಲ. ಎಲ್ಲಾರೂ ಗಾಳಿ ಕುಡೀರಿ!"

"ಯಾಕ ಹುಡುಗಿ ಮ್ಯಾಲ ಒದರ್ತಿ?" ಹಂಪಮ್ಮ ಒಳಗಿನಿಂದ ಬಂದಳು. "ಹರಕಿ ಹೊತ್ತಿಗೆ ಮೈ ಮಡಿ ಇರ್ಲಿ ಅಂತ ಮಾಡಾಕತ್ತಾಳ."

"ಮಡಿಗಲ್ಲ ಆಯಿ!" ರಂಜನಿ ಕಿರುಚಿದಳು. "ಆ ತಕ್ಕಡಿಗಿ! ಎಲ್ಲಾರ ಮುಂದ ನನ್ನ ಕುಂದ್ರಿಸಿ, ಆಚಿ ಕಡಿ ಬೆಲ್ಲ ಇಟ್ಟಂಗ ಇಟ್ಟಂಗ ಮಂದಿ ನಗ್ಬೇಕು, ಮಾಮ ಕೂಗಿ ಹೇಳ್ಬೇಕು! ನಾ ಕುಂದ್ರಂಗಿಲ್ಲ. ಕುಂದ್ರಿಸಿದ್ರೂ ಅಷ್ಟರೊಳಗ ಸಣ್ಣ ಆಗಿ ಕುಂದಿರ್ತೀನಿ."

ಹಂಪಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಳು. "ತೂಕ ಬರ್ಲಿ ಅಂತ ದೇವ್ರಿಗೆ ಸೆರಗೊಡ್ಡಿದಾಕಿ ನಾನು," ಎಂದಳು ಮೆಲ್ಲಗೆ. "ನೀ ತೂಕ ಕಳ್ಯಾಕತ್ತೀಯೇನ?"

ಆ ಸಂಜೆ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ.

ಮರುದಿನ ಗುರಮ್ಮ ಯಂತ್ರಕ್ಕೆ ಬಟ್ಟೆ ಮುಚ್ಚಿ ಮಗಳನ್ನು ಲೇಡಿ ಡಾಕ್ಟರ ಬಳಿಗೆ ಕರೆದೊಯ್ದಳು. ಡಾಕ್ಟರು ರಕ್ತ ನೋಡಿದರು, ಮುಟ್ಟಿನ ವಿಚಾರ ಕೇಳಿದರು. "ಇನ್ನೂ ಕೆಟ್ಟಿಲ್ಲ. ಆದ್ರ ಹಿಂಗೇ ಬಿಟ್ರೆ ಕೆಡ್ತದ. ತಿಂಗಳಿಗೊಮ್ಮೆ ಬಂದು ತೋರಿಸ್ರಿ. ಬೈಬ್ಯಾಡ್ರಿ, ಒತ್ತಾಯ ಮಾಡಿ ತುರುಕಬ್ಯಾಡ್ರಿ," ಎಂದರು. ಬೈಯದೆ, ತುರುಕದೆ ಮಗಳಿಗೆ ಉಣಿಸುವುದು ಹೇಗೆಂದು ಗುರಮ್ಮನಿಗೆ ತಿಳಿಯಲಿಲ್ಲ.

ಅದನ್ನು ಹೇಳಿದವಳು ಮೌನಿಕಾ. ರಂಜನಿಯ ಗೆಳತಿ, ಮಕ್ತಲಿನವಳು, ದಿನಾ ಶಿವಕಾಂತನ ಬಸ್ಸಿನಲ್ಲೇ ಕಾಲೇಜಿಗೆ ಬರುವವಳು. ಮನೆಯಲ್ಲಿ ತೆಲುಗು, ಇಲ್ಲಿ ಬಂದರೆ ಕನ್ನಡ. ಅವಸರವಾದರೆ ಎರಡೂ ಸೇರುತ್ತಿದ್ದವು.

"ಅತ್ತಮ್ಮಾ, ಕಾಲೇಜಿನ್ಯಾಗ ಆನ್‌ಲೈನ್ ಪಾಠ ಶುರು ಆಗೇದ. ಹೋಂ ಸೈನ್ಸ್ ಮೇಡಂ ಎಲ್ಲಾ ಹುಡುಗ್ಯಾರ ಹೆಸರು ಬರಸ್ರಿ ಅಂದಾರ. ನಾ ಇಬ್ಬರದೂ ಬರಸೀನಿ. ವಾರಕ್ಕೊಂದು ಪಾಠ, ಫೋನಿನ್ಯಾಗ. ಊಟ, ಮೈ, ಕನ್ನಡಿ, ಇನ್‌ಸ್ಟಾದಾಗಿನ ಫೋಟೋ, ಇವೆಲ್ಲಾದ್ರ ಬಗ್ಗೆ. ಹೈದರಾಬಾದಿನ ಡಾಕ್ಟರಮ್ಮ ಒಬ್ಬರು ಹುಡುಗ್ಯಾರ ಸಂಗಡ ಮಾತಾಡ್ತಾರ."

"ಹುಚ್ಚು ಹಿಡಿದವರಿಗೇನ ಅದು?" ಶಿವಕಾಂತ ಕೇಳಿದ.

"ಅಯ್ಯೋ ಕಾದು, ಅಲ್ಲ ಮಾಮಯ್ಯಾ! ಜಡ್ಡು ಬಂದ ಮ್ಯಾಲ ಅಲ್ಲ, ಬರೂಕಿಂತ ಮುಂಚೆ. ಪೋಲಿಯೋ ಹನಿ ಹಾಕ್ತಾರಲ್ಲ, ಹಂಗ."

"ಫೋನಿನ್ಯಾಗೇ ಕೆಟ್ಟಾಳ, ಫೋನಿನ್ಯಾಗೇ ರಿಪೇರಿನಾ?"

"ನೀವು ಸುಮ್ಮನಿರ್ರಿ," ಎಂದಳು ಗುರಮ್ಮ. "ಬೈಯೋದು ಬಿಟ್ಟು ಬ್ಯಾರೆ ದಾರಿ ಇದ್ರ ನೋಡೋಣ. ನನಗೂ ಬೈದು ಬೈದು ಸಾಕಾಗೇದ."

ಪಾಠ ನಡೆಯುತ್ತಿದ್ದುದು ಸಂಜೆ, ಮುಂದಿನ ಕೋಣೆಯಲ್ಲಿ. ಮೊದಲ ವಾರ ರಂಜನಿ ಗೋಡೆಗೆ ಮುಖ ಮಾಡಿ ಕಿವಿಗೆ ವೈರು ಸಿಕ್ಕಿಸಿಕೊಂಡು ಕೂತಳು. ಎರಡನೇ ವಾರ ವೈರು ತೆಗೆದಿಟ್ಟಳು. ಸಿನಿಮಾ ಹುಡುಗಿಯರ ಸೊಂಟವನ್ನು ಫೋನಿನ ಮೇಲೆ ಬೆರಳಾಡಿಸಿ ಹೇಗೆ ಸಣ್ಣ ಮಾಡುತ್ತಾರೆ ಎಂದು ತೋರಿಸಿದಾಗ ಗುರಮ್ಮ ಯಂತ್ರ ನಿಲ್ಲಿಸಿ ನೋಡಿದಳು. "ನೋಡ್ರೀ ಮತ್ತ! ಇಂಥಾ ಫೋಟೋ ತಂದು 'ಹಿಂಗ ಹೊಲೀರಿ' ಅಂತಾರ ನನಗ! ಈ ಸೊಂಟದಾಗ ಪಾಪ ಕರುಳು ಎಲ್ಲಿ ಇಟ್ಕೋಬೇಕು?"

ರಂಜನಿ ನಕ್ಕಳು. ಬಹಳ ದಿನಗಳ ಮೇಲೆ ಅವಳ ನಗು ಕೇಳಿ ಗುರಮ್ಮನಿಗೆ ದಾರದ ತುದಿ ಸೂಜಿಗೆ ಸಿಗಲಿಲ್ಲ.

ಮೂರನೇ ಪಾಠ ಮನೆಯನ್ನೇ ಬುಡಮೇಲು ಮಾಡಿತು. ಊಟಕ್ಕೆ ಕೂತಾಗ ರಂಜನಿ ಹೇಳಿದಳು: "ನಾಳಿಂದ ಈ ಮನಿಯಾಗ ಯಾರ ಮೈ ಬಗ್ಗೆನೂ ಮಾತಾಡಂಗಿಲ್ಲ. ದಪ್ಪ, ಸಣ್ಣ, ಕರಿ, ಬಿಳಿ, ಊದೀದಿ, ಸೊರಗೀದಿ, ಯಾವುದೂ ಇಲ್ಲ. ಬೈಯಾಕೂ ಇಲ್ಲ, ಹೊಗಳಾಕೂ ಇಲ್ಲ. ಪಾಠದಾಗ ಕೊಟ್ಟ ಕೆಲಸ ಇದು."

ಹಂಪಮ್ಮ ತುತ್ತು ಕೆಳಗಿಟ್ಟಳು. "ಹಂಗಾದ್ರ ಮನಿಗೆ ಬಂದ ಮಂದೀನ ಏನಂತ ಮಾತಾಡ್ಸಬೇಕು?"

"ಚೆನ್ನಾಗಿದ್ದೀರಾ ಅನ್ನು ಆಯಿ."

"ಅದು ಮಾತೇನ? ಅದು ಪರದೇಸಿಗಳಿಗೆ ಅನ್ನೋದು. ಸೊರಗೀಯಲ್ಲಬೇ ಅನ್ನೋದಲ್ಲೇನು ಪ್ರೀತಿ?"

"ಕಾಯಿದೆ ಅಂದ್ರ ಕಾಯಿದೆ," ಎಂದಳು ಪದ್ಮಶ್ರೀ ಖುಷಿಯಿಂದ. "ತಪ್ಪಿದವರಿಗೆ ಜುರ್ಮಾನಿ. ಆ ಹೊತ್ತಿನ ಮುಸುರಿ ಅವರೇ ತಿಕ್ಕಬೇಕು!" ಮುಸುರೆ ಪಾತ್ರೆ ತಿಕ್ಕುವುದು ಅಲ್ಲಿಯವರೆಗೆ ಅವಳ ಪಾಲಿನ ಕೆಲಸವಾಗಿತ್ತು.

ಮೊದಲ ದಿನವೇ ಶಿವಕಾಂತ ಸಿಕ್ಕಿಬಿದ್ದ. "ಇವತ್ತು ಗದ್ವಾಲ್ ಬಸ್‌ಸ್ಟ್ಯಾಂಡಿನ್ಯಾಗ ಒಬ್ಬ ಹತ್ತಿದ ನೋಡ್ರಿ, ಬಾಗಲದಾಗ ಸಿಕ್ಕೊಂಡ. ಇಷ್ಟು ಡೊಳ್ಳು..."

"ಜುರ್ಮಾನಿ!"

"ಅವ ನಮ್ಮ ಮನಿಯವ ಅಲ್ಲ!"

"ಮಾತು ಮನಿಯಾಗಿನದು," ಎಂದಳು ರಂಜನಿ. ಖಾಕಿ ಅಂಗಿಯ ತೋಳು ಮಡಚಿ ಶಿವಕಾಂತ ಬಚ್ಚಲಿಗೆ ಹೋದ. ಬೂದಿ ಎಲ್ಲಿದೆ, ನಾರು ಎಲ್ಲಿದೆ ಎಂದು ಅಲ್ಲಿಂದಲೇ ಬಸ್ಸಿನ ಹಿಂದಿನ ಸೀಟಿಗೆ ಕೇಳುವಂತೆ ಕೂಗಿದ.

ಹೆಚ್ಚು ಹೈರಾಣಾದವಳು ಹಂಪಮ್ಮ. ಪಕ್ಕದ ಮನೆಯ ಪೋಚಮ್ಮ ಮಜ್ಜಿಗೆ ಕೇಳಲು ಬಂದಳು.

"ಬಾ ಪೋಚಮ್ಮಾ. ಯಾಕ ಇಷ್ಟು ಸೊ..." ಪದ್ಮಶ್ರೀ ಬಾಗಿಲ ಹಿಂದಿನಿಂದ ಇಣುಕುತ್ತಿದ್ದಳು. "...ಯಾಕ ಇಷ್ಟು ಹೊತ್ತಿಗೆ ಬಂದಿ?"

"ದಿನಾ ಇದೇ ಹೊತ್ತಿಗೆ ಬರ್ತೀನಲ್ಲ ಹಂಪಮ್ಮಾ. ಮಜ್ಜಿಗಿ ಕೊಡಾಕ ಮನಸ್ಸಿಲ್ಲೇನು?"

ಪೋಚಮ್ಮನನ್ನು ಸಮಾಧಾನಪಡಿಸಲು ಮಜ್ಜಿಗೆಯ ಜೊತೆಗೆ ಒಂದು ಬಟ್ಟಲು ಪುಂಡಿಪಲ್ಯವನ್ನೂ ಕೊಡಬೇಕಾಯಿತು.

ಒಂದು ಸಂಜೆ ಪಾಠದ ನಡುವೆ ಹಂಪಮ್ಮ ಕನ್ನಡಕ ಹಾಕಿಕೊಂಡು ಬಂದು ಮೊಮ್ಮಗಳ ಹೆಗಲ ಮೇಲಿನಿಂದ ಫೋನಿನೊಳಗೆ ಬಗ್ಗಿದಳು. ಚೌಕ ಚೌಕದಲ್ಲಿ ಹುಡುಗಿಯರ ಮುಖ, ಮೇಲೆ ಡಾಕ್ಟರಮ್ಮನ ಮುಖ.

"ಯವ್ವಾ, ಇವ್ರೇನ ಊಟದ ಪಾಠ ಹೇಳೋರು? ಇವ್ರೇ ಎಷ್ಟು ಸಣಕಲ ಅದಾರ! ಹೈದರಾಬಾದಿನ್ಯಾಗ ಜೋಳ ಸಿಗಂಗಿಲ್ಲೇನು?"

ಮಾತು ನೇರ ಫೋನಿನೊಳಗೆ ಹೋಗಿತ್ತು. ಚೌಕದೊಳಗಿನ ಹುಡುಗಿಯರೆಲ್ಲ ಬಾಯಿಗೆ ಕೈ ಹಿಡಿದರು. ಡಾಕ್ಟರಮ್ಮ ಜೋರಾಗಿ ನಕ್ಕು, "ನಾಯನಮ್ಮಗಾರೂ, ಅಜ್ಜೀ, ನಮಸ್ಕಾರಂ. ನಿಮ್ಮ ಮನಿಯಾಗ ಜುರ್ಮಾನಿ ಏನು ಅಂತ ರಂಜನಿ ಹೇಳ್ಯಾಳ. ಇವತ್ತಿನ ಪಾತ್ರಿ ನಿಮ್ಮವೇ," ಎಂದರು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ. ಹಂಪಮ್ಮ ಪಾತ್ರೆ ತಿಕ್ಕುತ್ತಾ, "ಡಾಕ್ಟರ ಬಾಯಾರು ಛಲೋ ಅದಾರ. ಅದೇನೇ ಇರ್ಲಿ, ಸಣ..." ಎಂದು ಶುರುಮಾಡಿ ಅಲ್ಲಿಗೇ ಬಾಯಿ ಮುಚ್ಚಿದಳು.

ಕಾಯಿದೆ ಯಂತ್ರದ ಕೋಣೆಗೂ ಬಂತು. ಬಟ್ಟೆ ಕೊಡಲು ಬಂದ ಹೆಂಗಸರು ದಿನಾ ಹೇಳುವ ಮಾತೇ ಅದು: ತೋಳು ದಪ್ಪ ಕಾಣದಂತೆ ಹೊಲೀರಿ, ಬೆನ್ನು ಮುಚ್ಚುವಂತೆ ಹೊಲೀರಿ. ಮೊದಲಾದರೆ ಗುರಮ್ಮ ಹೂಂ ಎನ್ನುತ್ತಿದ್ದಳು. ಈಗ ಒಳಗಿನಿಂದ ಮಕ್ಕಳು ಕೇಳುತ್ತಿದ್ದರು.

"ಕೈ ಎತ್ತಿ ಒಲಿ ಮ್ಯಾಲಿನ ಗಡಿಗಿ ಇಳಸೂವಾಗ ಕಂಕುಳ ಹರೀಬಾರ್ದು, ಅದನ್ನ ನೋಡ್ಕೋತೀನಿ. ಉಳಿದದ್ದು ನನಗ ಹೇಳಬ್ಯಾಡ್ರಿ," ಎಂದಳು ಒಬ್ಬಳಿಗೆ. ಆಕೆ, "ಹೌದ್ನೋಡ್ರಿ, ಹೋದ ಸಲದ್ದು ಹರಿದೇ ಬಿಡ್ತು," ಎಂದು ಒಂದಿಂಚು ಸಡಿಲ ಹೇಳಿ ಹೋದಳು.

ರಂಜನಿ ಮುಂಜಾನೆ ಒಂದು ರೊಟ್ಟಿ ತಿನ್ನತೊಡಗಿದಳು. ಹೊತ್ತು ಹೊತ್ತಿಗೆ ಉಣ್ಣಬೇಕು, ಹಸಿವನ್ನು ಕಟ್ಟಿಹಾಕಿದರೆ ಅದು ಮೈಗೂ ಮನಸ್ಸಿಗೂ ಕಚ್ಚುತ್ತದೆ ಎಂದು ಪಾಠದಲ್ಲಿ ಹೇಳಿದ್ದರು. ಬುತ್ತಿಯ ಡಬ್ಬಿ ಹಗುರಾಗಿ ಮನೆಗೆ ಬಂದ ದಿನ ಗುರಮ್ಮ ಅದನ್ನು ಎರಡು ಸಲ ಎತ್ತಿ ನೋಡಿದಳು.

ಎಲ್ಲ ನೇರವಾಗಿಯೇನೂ ನಡೆಯಲಿಲ್ಲ. ಆಷಾಢಕ್ಕೆ ಮುಂಚೆ ಗದ್ವಾಲಿನಲ್ಲಿ ಕೊಟ್ರೇಶನ ಮಗುವಿನ ತೊಟ್ಟಿಲ ಕಾರ್ಯ. ಅಲ್ಲಿ ತೆಗೆದ ಫೋಟೋ ನೆಂಟರ ವಾಟ್ಸಪ್ ಗುಂಪಿಗೆಲ್ಲ ಹೋಯಿತು. ಅದರ ಕೆಳಗೆ ಯಾರೋ ಅತ್ತೆ ತೆಲುಗಿನಲ್ಲಿ ರಂಜನಿಯನ್ನು ಹೊಗಳಿದ್ದರು: ಎಷ್ಟು ಸಣ್ಣಗಾಗಿದ್ದಾಳೆ, ಹೀಗೇ ಇರಲಿ, ಗಂಡು ಬೇಗ ಸಿಗುತ್ತದೆ. ರಂಜನಿ ಅದನ್ನು ಓದಿ ಫೋನು ಮಗುಚಿಟ್ಟಳು. ಅಂದು ಸಂಜೆ ತಟ್ಟೆ ಮುಟ್ಟಲಿಲ್ಲ, ಮರುದಿನ ಬುತ್ತಿ ಹಾಗೇ ಬಂತು.

ಗುರಮ್ಮನ ನಾಲಿಗೆಯ ತುದಿಗೆ ಬಂದದ್ದು ಬಹಳ. ನುಂಗಿದಳು. ಎರಡು ತಟ್ಟೆಗೆ ಬಡಿಸಿ, ಒಂದನ್ನು ಮಗಳ ಮುಂದಿಟ್ಟು, ತಾನು ಎದುರಿಗೆ ಕೂತು ಉಣ್ಣತೊಡಗಿದಳು. ಉಣ್ಣು ಎನ್ನಲಿಲ್ಲ. ಮರಿಕಲ್ಲಿನಿಂದ ಬಂದ ಮದುಮಗಳೊಬ್ಬಳು ಕುಪ್ಪಸದ ಬೆನ್ನಿಗೆ ನವಿಲು ಬೇಕು ಎಂದದ್ದು, ತಾನು ಹೊಲಿದ ನವಿಲು ಕೋಳಿಯಂತಾದದ್ದು, ಮದುಮಗಳ ಅತ್ತೆ ಅದನ್ನೇ ನವಿಲೆಂದು ಒಪ್ಪಿ ಓಣಿಗೆಲ್ಲ ತೋರಿಸಿದ್ದು, ಎಲ್ಲವನ್ನೂ ಹೇಳಿದಳು. ಕೋಳಿಯ ಹತ್ತಿರ ಬಂದಾಗ ರಂಜನಿಯ ತುಟಿ ಅಲುಗಿತು. ನವಿಲಿನ ಬಾಲದ ಹೊತ್ತಿಗೆ ಅವಳು ರೊಟ್ಟಿ ಮುರಿದು ಶೇಂಗಾ ಚಟ್ನಿಗೆ ಅದ್ದಿದ್ದಳು.

"ಅವ್ವಾ, ಸಣ್ಣ ಆಗೀದಿ ಅಂತ ಹೊಗಳಿದ್ರ ಇನ್ನೂ ಕಡಿಮಿ ತಿನ್ಬೇಕು ಅನಸ್ತದ. ದಪ್ಪ ಅಂದ್ರೂ ಅದೇ ಅನಸ್ತದ."

"ಹಂಗಾದ್ರ ಇಬ್ಬರ ಮಾತೂ ಬ್ಯಾಡ."

"ಪಾಠದ ಹುಡುಗ್ಯಾರ ಗುಂಪಿನ್ಯಾಗ ಇದನ್ನ ಬರದೀನಿ. ಮೌನಿಕಾ, ಗಟ್ಟು ಊರಿನ ಹುಡುಗಿ ಒಬ್ಬಾಕಿ, ಎಲ್ಲಾರೂ 'ನಮಗೂ ಹಂಗೇ' ಅಂದ್ರು. ಇಷ್ಟು ದಿನ ನನಗೊಬ್ಬಾಕಿಗೇ ಅನ್ಕೊಂಡಿದ್ದೆ."

ಅತ್ತಿತ್ತ ಸುಳಿಯುತ್ತಾ ಹಂಪಮ್ಮ ಇದನ್ನೆಲ್ಲ ಕೇಳಿಸಿಕೊಂಡಳು. ಮರುದಿನ ಯಾರಿಗೂ ಹೇಳದೆ ಮಗನ ಬಸ್ಸು ಹತ್ತಿ ಮಕ್ತಲಿಗೆ ಹೋದಳು. ಶಿವಕಾಂತ ಟಿಕೆಟು ಹರಿಯಲು ಬಂದಾಗಷ್ಟೇ ತಾಯಿಯನ್ನು ಕಂಡು ಬೆಚ್ಚಿಬಿದ್ದ. ಊರಾಚೆಯ ವೀರಭದ್ರನ ಗುಡಿಯಲ್ಲಿ ಅವಳು ಬಹಳ ಹೊತ್ತು ಕೂತಿದ್ದು, ಅದೇ ಬಸ್ಸಿನ ಮರುಸರದಿಗೆ ಮನೆಗೆ ಬಂದಳು.

"ಈರಭದ್ರನ ಸಂಗಡ ಮಾತಾಡಿ ಬಂದೀನಿ," ಎಂದಳು ಚಪ್ಪಲಿ ಬಿಡುತ್ತಲೇ. "ಹರಕಿ ಬಿಟ್ಟೀನಿ. ನಿನಗ ಸಿಟ್ಟು ಬಂದ್ರ ನನ್ನ ಹಿಡಿ, ಹುಡುಗಿ ತಂಟೆಗೆ ಹೋಗಬ್ಯಾಡ ಅಂತ ಹೇಳೀನಿ. ರಂಜಿ, ನೀ ತಕ್ಕಡ್ಯಾಗ ಕುಂದರೋದು ಬ್ಯಾಡ."

ಹಂಪಮ್ಮ ಹರಕೆ ಬಿಡುವುದೆಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಅಂದಿನಿಂದ ಮೊಮ್ಮಗಳು ಸೀನಿದರೂ ಅವಳು ದೇವರ ಗೂಡಿನತ್ತ ನೋಡತೊಡಗಿದಳು.

ಪಾಠ ಮುಗಿಯುವ ವಾರ ಬಂತು. ರಂಜನಿ ಮಾಡಬೇಕಾದ ಕೊನೆಯ ಕೆಲಸಗಳಲ್ಲಿ ಒಂದು, ತನಗಿಂತ ಚಿಕ್ಕ ವಯಸ್ಸಿನವಳೊಬ್ಬಳಿಗೆ ತಾನು ಕಲಿತದ್ದನ್ನು ಹೇಳುವುದು. ಅವಳು ಪದ್ಮಶ್ರೀಯನ್ನು ಮಾಳಿಗೆಗೆ ಕರೆದೊಯ್ದಳು. ಏನು ಹೇಳಿದಳೋ, ಇಳಿದು ಬಂದ ಪದ್ಮಶ್ರೀ ನೇರ ಬುಟ್ಟಿಗೆ ಕೈಹಾಕಿ, "ಅವ್ವಾ, ಗುರೆಳ್ಳು ಪುಡಿ ಎಲ್ಲಿ?" ಎಂದಳು. ಇನ್ನೊಂದು ಕೆಲಸ, ಮೈಯ ನಾಚಿಕೆಯಿಂದ ಇಷ್ಟು ದಿನ ತಪ್ಪಿಸಿಕೊಂಡದ್ದೊಂದನ್ನು ಆರಿಸಿ ಮಾಡುವುದು. ಮೌನಿಕಾ ತೋಳಿಲ್ಲದ ಅಂಗಿ ತೊಡುತ್ತೇನೆ ಎಂದಳು.

"ಆಯಿ, ನಾ ತಕ್ಕಡ್ಯಾಗ ಕುಂದಿರ್ತೀನಿ," ಎಂದಳು ರಂಜನಿ ಊಟದ ಹೊತ್ತಿಗೆ.

"ಬ್ಯಾಡಬೇ! ನಾ ಹರಕಿ ಬಿಟ್ಟೀನಿ."

"ಬಿಡಾಕ ನೀ ಯಾರು? ತೂಕ ನಂದು."

"ನೋಡ್ರೀ ಈಕೀನ! ಕುಂದ್ರು ಅಂದಾಗ ಕುಂದ್ರಂಗಿಲ್ಲ ಅಂದ್ಲು, ಬ್ಯಾಡ ಅಂದಾಗ ಕುಂದಿರ್ತೀನಿ ಅಂತಾಳ! ಯಾರ ಮಾತಿಗೂ ಹೂಂ ಅನ್ನೋದು ರಕ್ತದಾಗೇ ಇಲ್ಲ."

"ಯಾರ ರಕ್ತ ಅದು?" ಎಂದ ಶಿವಕಾಂತ. ಹಂಪಮ್ಮ ಮಗನತ್ತ ಕಣ್ಣು ಬಿಟ್ಟಳು.

"ನನಗ ಯಾರೂ ಹೇಳಿಲ್ಲ, ನಾನೇ ಆರಿಸೀನಿ," ರಂಜನಿ ಹೇಳಿದಳು. "ಆದ್ರ ಎಷ್ಟು ಕೇಜಿ ಅಂತ ಯಾರೂ ಕೂಗಬಾರ್ದು. ಕೇಳಬಾರ್ದು. ಉಪವಾಸ ಬರಂಗಿಲ್ಲ, ಉಂಡೇ ಬರ್ತೀನಿ."

"ದೇವರಿಗೆ ಎರಡೂ ಕಡಿ ಸಮ ಆದ್ರ ಸಾಕು, ಕೇಜಿ ತಗೊಂಡು ಏನ್ ಮಾಡ್ತಾನ?" ಎಂದಳು ಹಂಪಮ್ಮ. ಕಣ್ಣೊರೆಸಿಕೊಂಡು, "ಜಲ್ದಿ ಉಣ್ಣು," ಎಂದು ಸೇರಿಸಿದಳು.

ಬೆಲ್ಲ ತರುವ ಕೆಲಸ ಶಿವಕಾಂತನ ಪಾಲಿಗೆ ಬಂತು. ಅಂಗಡಿಯವನು ಎಷ್ಟು ಬೇಕೆಂದು ಕೇಳಿದ. ಶಿವಕಾಂತನಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಕೇಳುವಂತಿಲ್ಲ. ದಿನಾ ಬಸ್ಸಿಗೆ ಹತ್ತುವ ಗಂಟುಗಳನ್ನು ಕಣ್ಣಲ್ಲೇ ತೂಗುವವನು ತಾನು ಎಂಬ ಹೆಮ್ಮೆ ಅವನಿಗೆ. ಮಗಳನ್ನು ನೆನೆದು ಒಂದು ಅಂದಾಜು ಹಾಕಿದ. ಅದರಲ್ಲೂ ಒಂದಿಷ್ಟು ಇಳಿಸಿದ. ಹೆಚ್ಚು ತಂದು ಉಳಿದರೆ ಪರವಾಗಿಲ್ಲ ಎಂದು ಬೇರೆ ಯಾರಾದರೂ ಯೋಚಿಸುತ್ತಿದ್ದರು, ಆದರೆ ಪೆಂಟೆ ಎನ್ನುವ ಬೆಲ್ಲದ ಗಟ್ಟಿಗಳ ರಾಶಿ ದೊಡ್ಡದಾಗಿ ಕಂಡರೆ ಮಗಳು ಮುಖ ಸಣ್ಣ ಮಾಡಿಯಾಳು ಎಂಬ ಹೆದರಿಕೆ ಅವನದು. ಯಾರಿಗೂ ಹೇಳಲಿಲ್ಲ.

ಶ್ರಾವಣದ ಸೋಮವಾರ ಗುಡಿಯ ಅಂಗಳ ತುಂಬಿತ್ತು. ರಂಜನಿ ಕೆಂಪು ಸೀರೆ ಉಟ್ಟಿದ್ದಳು. ಬೆಳಿಗ್ಗೆ ಮನೆಯಲ್ಲಿ ಉಪ್ಪಿಟ್ಟು ತಿಂದು, ಮಕ್ತಲಿನಲ್ಲಿ ಮೌನಿಕಾಳ ತಾಯಿ ಕೊಟ್ಟ ದೋಸೆಯನ್ನೂ ತಿಂದಿದ್ದಳು. ತೋಳಿಲ್ಲದ ಅಂಗಿಯ ಮೌನಿಕಾ ಕಡೆಗೆ ಹಂಪಮ್ಮ ನೋಡಿ, ಬಾಯಿ ತೆರೆದು, "ಛಲೋ ಐತಿಬೇ ಬಟ್ಟಿ," ಎಂದಳು. ಬಟ್ಟೆಯ ಬಗ್ಗೆ ಮಾತಾಡಲು ಅಡ್ಡಿಯಿರಲಿಲ್ಲ.

ಮರದ ದೊಡ್ಡ ತಕ್ಕಡಿ ತೊಲೆಗೆ ತೂಗುತ್ತಿತ್ತು. ರಂಜನಿ ಸರಪಳಿ ಹಿಡಿದು ಒಂದು ತಟ್ಟೆಯಲ್ಲಿ ಕೂತಳು. ಅದು ನೆಲಕ್ಕೆ ಕೂತಿತು. ಪೂಜಾರಿ ಆದೆಪ್ಪಯ್ಯ ಇನ್ನೊಂದು ತಟ್ಟೆಗೆ ಬೆಲ್ಲದ ಪೆಂಟೆಗಳನ್ನು ಇಡತೊಡಗಿದ. ಒಂದೊಂದೇ ಪೆಂಟೆ ಏರಿತು. ಚೀಲ ಬರಿದಾಯಿತು. ರಂಜನಿಯ ತಟ್ಟೆ ನೆಲ ಬಿಟ್ಟು ಏಳಲಿಲ್ಲ.

"ಇನ್ನೂ ತರ್ರಿ," ಎಂದ ಆದೆಪ್ಪಯ್ಯ.

"ಇಷ್ಟೇ ಇರೋದು," ಎಂದ ಶಿವಕಾಂತ. ದಿನವಿಡೀ ಕೂಗುವ ಗಂಟಲಿನಿಂದ ಅಷ್ಟು ಸಣ್ಣ ದನಿ ಬರುವುದೆಂದು ಯಾರಿಗೂ ಗೊತ್ತಿರಲಿಲ್ಲ.

ನೆಂಟರು, ಓಣಿಯವರು, ಗುರುತಿಲ್ಲದ ಭಕ್ತರು ಎಲ್ಲ ತಟ್ಟೆಯ ಕಡೆಗೇ ನೋಡುತ್ತಿದ್ದರು. ಎಲ್ಲೋ ಹಿಂದೆ ಒಬ್ಬ ಕಿಸಕ್ಕೆಂದ. ಗುರಮ್ಮ ಮಗಳ ಮುಖ ನೋಡಲಾರದೆ ಅವಳ ಪಾದ ನೋಡಿದಳು. ಪಾದಗಳು ಅಲುಗತೊಡಗಿದವು. ಎದ್ದು ಓಡುತ್ತಾಳೆ ಎಂದುಕೊಂಡಳು. ಓಡಲಿಲ್ಲ. ರಂಜನಿ ನಗುತ್ತಿದ್ದಳು, ನಗುವಿಗೆ ತಕ್ಕಡಿಯ ಸರಪಳಿಯೇ ಗಲಗಲ ಎನ್ನುತ್ತಿತ್ತು.

"ಅಪ್ಪಾ, ಯಾರ ಅಳತಿಗೆ ತಂದಿ ಇದನ್ನ? ಪದ್ಮಿ ಅಳತಿಗೇನು?"

"ಕೇಳಾಕ ಕಾಯಿದೆ ಅಡ್ಡ ಬಂತಲ್ಲ ತಾಯಿ! ಅಂದಾಜಿನ ಮ್ಯಾಲ ತಂದೆ. ಹೆಚ್ಚು ತಂದ್ರ ನೀ ಬ್ಯಾಸರ ಮಾಡ್ಕೋತಿ ಅಂತ..."

"ತೂಕ ಹಾಕೋ ಹರಕಿಗೆ ತೂಕ ಕೇಳ್ದೇ ಬೆಲ್ಲ ತರೋ ಗಂಡಸು ಇವರೊಬ್ಬರೇ!" ಎಂದಳು ಗುರಮ್ಮ. ಅವಳಿಗೂ ನಗು ತಡೆಯಲಾಗಲಿಲ್ಲ. ಮೌನಿಕಾ ನಕ್ಕಳು, ಪೋಚಮ್ಮ ನಕ್ಕಳು, ಹಿಂದೆ ಕಿಸಕ್ಕೆಂದವನ ನಗು ಆ ನಗೆಯೊಳಗೆ ಎಲ್ಲಿ ಹೋಯಿತೋ ತಿಳಿಯಲಿಲ್ಲ.

"ಮಾಮಾ," ರಂಜನಿ ಕೂತಲ್ಲಿಂದಲೇ ಕರೆದಳು. ಕೊಟ್ರೇಶ ಮುಂದೆ ಬಂದ. ಅವನ ಬಾಯಲ್ಲಿ ಒಂದು ಮಾತು ತಯಾರಾಗಿಯೇ ಇತ್ತು, ಎಲ್ಲರಿಗೂ ಕಂಡಿತು. ಗುರಮ್ಮ ತಮ್ಮನ ಕಡೆ ನೋಡಿದಳು. ಹಂಪಮ್ಮ ನೋಡಿದಳು. ಕೊಟ್ರೇಶ ಆ ಮಾತನ್ನು ನುಂಗಿ, "ಬೆಲ್ಲ ತರ್ತೀನಿ," ಎಂದಷ್ಟೇ ಹೇಳಿ ಮೋಟರ್‌ಸೈಕಲ್ಲಿನ ಕಡೆಗೆ ಓಡಿದ.

"ಕೆಳಗಿಳಿಬೇ, ಅವ ಬರೋತನಕ," ಎಂದಳು ಹಂಪಮ್ಮ.

"ಇಲ್ಲೇ ಛಲೋ ಐತಿ ಆಯಿ, ಜೋಕಾಲಿ ಇದ್ದಂಗ. ಪದ್ಮಿ, ಮಂಡಾಳ ಚೀಲ ತಾ."

ಪದ್ಮಶ್ರೀ ಮಂಡಕ್ಕಿ, ಶೇಂಗಾ ತಂದಳು. ಅಕ್ಕ ತಟ್ಟೆಯೊಳಗೆ, ತಂಗಿ ತಟ್ಟೆಯ ಅಂಚಿಗೆ ಒರಗಿ, ಇಬ್ಬರೂ ತಿನ್ನತೊಡಗಿದರು.

"ತಕ್ಕಡ್ಯಾಗ ಕುಂತು ತಿಂದ್ರ ತೂಕ ಏರ್ತದಲ್ಲಬೇ!" ಪೋಚಮ್ಮ ದಂಗಾದಳು.

"ಏರ್ಲಿ ಬಿಡ್ರಿ ಪೋಚಮ್ಮತ್ತಿ. ನೀವೂ ತಗೋರಿ ಒಂದ್ ಹಿಡಿ."

ಹಂಪಮ್ಮ ಕಂಬಕ್ಕೊರಗಿ ನಿರಾಳವಾಗಿ ಕೂತು, ಬೆಲ್ಲ ಸಾಲದ ಆ ತಕ್ಕಡಿಯನ್ನು ಕಣ್ತುಂಬ ನೋಡಿದಳು. "ಅವತ್ತು ಮುಳ್ಳು ಅಲುಗಿರ್ಲಿಲ್ಲ," ಎಂದಳು ಸೊಸೆಗೆ. "ಇವತ್ತು ನೋಡು ಗುರಮ್ಮಾ, ತಟ್ಟಿ ಎದ್ದೇಳವಲ್ದು."

"ಅತ್ತೀ, ಜುರ್ಮಾನಿ."

"ತಿಕ್ತೀನಿ ಬಿಡು. ಇವತ್ತಿನ ಮುಸುರಿ ಎಲ್ಲಾ ನಾನೇ ತಿಕ್ತೀನಿ."

ಕೊಟ್ರೇಶ ಮೋಟರ್‌ಸೈಕಲ್ಲಿನ ಹಿಂದೆ ಚೀಲ ಕಟ್ಟಿಕೊಂಡು ಬಂದ. ಆದೆಪ್ಪಯ್ಯ ಪೆಂಟೆ ಇಟ್ಟ. ರಂಜನಿಯ ತಟ್ಟೆ ನೆಲ ಬಿಟ್ಟಿತು, ತೂಗಾಡಿತು, ಮೇಲೆದ್ದಿತು. ಇನ್ನೊಂದು ಚೂರಿಗೆ ಎರಡೂ ಸಮವಾದವು. ಎಷ್ಟು ಎಂದು ಯಾರೂ ಕೂಗಲಿಲ್ಲ, ಯಾರೂ ಕೇಳಲಿಲ್ಲ. ರಂಜನಿ ಇಳಿದು ಸೆರಗು ಸಿಕ್ಕಿಸಿ, ಸುತ್ತಿಗೆ ತೆಗೆದುಕೊಂಡು ಪೆಂಟೆ ಒಡೆಯತೊಡಗಿದಳು. ಮೌನಿಕಾ, ಪದ್ಮಶ್ರೀ ಹಂಚಿದರು. ಮೊದಲ ಚೂರು ದೇವರಿಗೆ ಹೋಯಿತು, ಎರಡನೆಯದನ್ನು ಒಡೆದವಳೇ ಬಾಯಿಗೆ ಹಾಕಿಕೊಂಡಳು.

ಹಂಪಮ್ಮನ ಹರಕೆ ಅಂದು ತೀರಿತು.